ಚೌಕಟ್ಟಿನೊಳಗೆ ಇಪ್ಪತ್ತು ಸೊನ್ನೆ

ಕಳೆಯಕ್ಕನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಎರಡೆಲೆಯ ಮೊಳಕೆ ನೋಡಿಯೇ ಇದು ಯಾವ ಕಳೆ, ಯಾರ ಹೊಲದಿಂದ ಹಾರಿ ಬಂತು ಎಂದು ಅದರ ಜಾತಕ ಹೇಳಿಬಿಡುತ್ತಿದ್ದಳು. ಬೀಜದ ಕಂಪನಿ ಪ್ರಯೋಗದ ಹೊಲ ಮಾಡಿದಾಗ ಅವಳನ್ನೇ ಕರೆದು ಕೈಗೊಂದು ಕಬ್ಬಿಣದ ಚೌಕಟ್ಟು ಕೊಟ್ಟಿತು. ಅದನ್ನು ನೆಲದ ಮೇಲಿಡಬೇಕು, ಒಳಗಿನ ಕಳೆ ಎಣಿಸಿ ಹಾಳೆಯಲ್ಲಿ ಬರೆದು ರುಜು ಹಾಕಬೇಕು.

ಹೊಲದಲ್ಲಿದ್ದದ್ದು ವಂಶವಾಹಿ ತಿದ್ದಿದ ಮೆಕ್ಕೆಜೋಳ. ಕಳೆನಾಶಕ ಸುರಿದರೆ ಜೋಳಕ್ಕೆ ಏನೂ ಆಗದು, ಸುತ್ತಲಿನ ಹಸಿರೆಲ್ಲ ಸಾಯಬೇಕು. ಮೊದಲೆರಡು ವರ್ಷ ಸತ್ತದ್ದೂ ಹೌದು. ಬದುವಿನ ಹೂಗಿಡಗಳೂ ಕರಕಲಾಗಿ, ಜೇನುನೊಣ ಆ ಕಡೆ ತಲೆ ಹಾಕುವುದನ್ನೇ ಬಿಟ್ಟಿತು. ಮೂರನೆಯ ವರ್ಷ ಮುಳ್ಳುಹರಿವೆ ಮಾತ್ರ ಎರಡು ದಿನ ಬಾಡಿದಂತೆ ಮಾಡಿ ಮತ್ತೆ ಎದ್ದು ನಿಂತಿತು. ಔಷಧಿಯ ಪ್ರಮಾಣ ಹೆಚ್ಚಿಸಿದರು. ಅದು ಕ್ಯಾರೇ ಅನ್ನಲಿಲ್ಲ. ಒಂದೊಂದು ಗಿಡ ಉದುರಿಸುವುದು ಲಕ್ಷಗಟ್ಟಲೆ ಬೀಜ.

ಕಳೆಯಕ್ಕನ ತಮ್ಮನ ಹೊಲದಲ್ಲೂ ಇದೇ ಮುಳ್ಳುಹರಿವೆಯ ಕಾಟ. ಮುಂದಿನ ಬೆಳೆಗೆ ಈ ಹೊಸ ಬೀಜ ಹಾಕಲೋ ಬೇಡವೋ ಎಂದು ಅವನು ಹೊಯ್ದಾಡುತ್ತಿದ್ದ. "ಕಂಪನಿಯವರು ಹೊಲ ತೋರಿಸೋ ದಿನ ಕಣ್ಣಾರೆ ನೋಡಿ ಹೇಳ್ತೀನಿ ಅಕ್ಕಾ" ಎಂದಿದ್ದ.

ಆ ದಿನಕ್ಕೆ ಇನ್ನೂ ಒಂದು ವಾರವಿದೆ ಎನ್ನುವಾಗ ಹೊಲ ನೋಡಿಕೊಳ್ಳುವ ಕಂಪನಿಯ ಸಾಹೇಬ ಬಂದ. ಇಸ್ತ್ರಿ ಅಂಗಿ, ಹಲ್ಲು ಕಿರಿದ ನಗು.

"ಉಳಿದಿರೋದನ್ನೆಲ್ಲ ಕಿತ್ತುಬಿಡಮ್ಮ. ಆಮೇಲೆ ಎಣಿಸು."

"ಕಿತ್ತ ಮೇಲೆ ಎಣಿಸೋಕೆ ಏನಿರುತ್ತೆ ಸಾರ್?"

"ಚೌಕಟ್ಟಿನೊಳಗೆ ಕಂಡಿದ್ದನ್ನ ಬರೀಬೇಕು, ಅದು ತಾನೇ ನಿಯಮ? ಕಂಡಿದ್ದನ್ನೇ ಬರಿ. ಸುಳ್ಳು ಬರಿ ಅಂತ ನಿನಗ್ಯಾರು ಹೇಳಿದ್ರು?"

ಥೂ, ಅದೂ ಒಂದು ನಾಲಿಗೆಯೇ! ಕಳೆಯಕ್ಕನಿಗೆ ಹೇಸಿಗೆಯಾಯಿತು. ಆದರೇನು, ಕಿತ್ತಳು. ಮುಳ್ಳು ಚುಚ್ಚಿ ಬೆರಳು ಊದಿಕೊಂಡವು. ಆಮೇಲೆ ಚೌಕಟ್ಟು ಇಟ್ಟಳು. ಒಳಗೆ ಬರೀ ಮಣ್ಣು. ಒಂದು ಎರೆಹುಳವೂ ಇಲ್ಲ. ಇಪ್ಪತ್ತು ಕಡೆ ಇಟ್ಟು ಇಪ್ಪತ್ತು ಸೊನ್ನೆ ಬರೆದಳು. ನಾನೇನು ಸುಳ್ಳು ಬರೆದೆನೇ, ಕಂಡದ್ದನ್ನು ಬರೆದೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದಕ್ಕೆ ಸಾಹೇಬನಿಗಿಂತ ತನ್ನ ಮೇಲೆಯೇ ಹೆಚ್ಚು ಅಸಹ್ಯವಾಯಿತು. ತಮ್ಮನೊಬ್ಬನಿಗಾದರೂ ನಿಜ ಹೇಳಬೇಕು, ಹೇಗೂ ಹೊಲ ನೋಡಲು ಬರುತ್ತಾನಲ್ಲ, ಆಗ ಹೇಳಿದರಾಯಿತು ಎಂದುಕೊಂಡಳು. ಅಷ್ಟರಲ್ಲಿ ಸಾಹೇಬ ಆ ಹಾಳೆಯ ಪ್ರತಿಗಳನ್ನು ಊರಿಗೆಲ್ಲ ಹಂಚಿಸಿ, ಬೀಜದ ಮಾರಾಟವನ್ನೂ ಶುರು ಮಾಡಿದ.

ಹೊಲ ತೋರಿಸುವ ದಿನ ಶಾಮಿಯಾನದಡಿ ಸಾಹೇಬನ ಭಾಷಣ ನಡೆದಿತ್ತು. ತಮ್ಮ ಬಂದವನೇ ಸಾಲುಗಳ ನಡುವೆ ನಿಂತು ಬಾಯಿ ಬಿಟ್ಟುಕೊಂಡು ನೋಡಿದ. ಕಳೆಯಕ್ಕ ಅವನ ರಟ್ಟೆ ಹಿಡಿದು ಬದುವಿನ ಆಚೆಗೆ ಎಳೆದೊಯ್ದಳು.

"ಇದನ್ನ ನಂಬಬೇಡ ಕಣೋ. ಮುಳ್ಳುಹರಿವೆ ಈ ಔಷ್ಧಿಗೆ ಸಾಯ್ತಿಲ್ಲ. ಎಲ್ಲಾನೂ ನನ್ನ ಕೈಯಲ್ಲೇ ಕೀಳಿಸಿದ್ರು. ಈ ಬೀಜ ಹಾಕ್ಬೇಡ."

ಅವನು ರಟ್ಟೆ ಬಿಡಿಸಿಕೊಂಡ.

"ನಿನ್ನೆನೇ ಬಿತ್ತಿಬಿಟ್ಟೆನಲ್ಲೇ ಅಕ್ಕಾ. ಇಡೀ ಹೊಲಕ್ಕೆ."

"ನೋಡಿ ಹೇಳ್ತೀನಿ ಅಂದಿದ್ಯಲ್ಲೋ!"

"ಹಾಳೇಲಿ ನಿನ್ನ ರುಜು ಇತ್ತು. ಇನ್ನು ನೋಡೋದೇನು ಅಂದ್ಕೊಂಡೆ."