ಆನೆಗಳ ಸಂಖ್ಯೆ ಸೊನ್ನೆ

ಎರಡು ಕಂಪ್ಯೂಟರುಗಳು ಮಾತಾಡಿಕೊಳ್ಳಬೇಕಾದರೆ ಮೊದಲು ಒಂದು ಕರಾರು ಬೇಕು. ಇಲ್ಲಿ ಅಂಕಿ ಬರುತ್ತದೆ, ಇಲ್ಲಿ ತಾರೀಕು, ಇಲ್ಲಿ ಹೌದು ಅಥವಾ ಅಲ್ಲ ಎಂದು ಬರೆದಿಟ್ಟ ಒಂದು ಕಡತ. ಅಂಥ ಕಡತಗಳನ್ನು ನಂಬಿಕೊಂಡೇ ನಾನು ಹೊಸೂರಿನ ಆಲಸನತ್ತಂನ ಮನೆಯಲ್ಲಿ ಕೂತು ಅನ್ನ ಸಂಪಾದಿಸುವವನು. ಆ ಸಲ ಕೈಗೆ ಬಂದ ಕಡತ ನೋಡಿ ಮಾತ್ರ ತಲೆ ಚಚ್ಚಿಕೊಂಡೆ.

ಡೆಂಕಣಿಕೋಟೆ ಕಡೆಯ ಕೆಲವು ಹಳ್ಳಿಯವರು ಸೇರಿ ಹೊಲಕ್ಕೆ ಬರುವ ಆನೆಗಳ ಮೇಲೆ ಕಣ್ಣಿಡಲು ಕಾವಲುಗಾರರನ್ನು ಇಟ್ಟಿದ್ದರು. ಆನೆ ಕಂಡರೆ ಕಾವಲುಗಾರ ಎಲ್ಲಿ, ಯಾವಾಗ, ಎಷ್ಟು ಎಂದು ತನ್ನ ಫೋನಿನಲ್ಲಿ ತುಂಬುತ್ತಾನೆ. ಕೃಷ್ಣಗಿರಿಯ ಒಂದು ಸಣ್ಣ ಕಂಪನಿ ಅದನ್ನು ಸಂಗ್ರಹಿಸುತ್ತದೆ. ಅಲ್ಲಿಂದ ಎತ್ತಿಕೊಂಡು ಊರಿನವರ ಫೋನುಗಳಿಗೆ ಎಚ್ಚರಿಕೆಯ ಮೆಸೇಜ್ ಕಳಿಸುವ ಪ್ರೋಗ್ರಾಂ ನನ್ನದು. ನನ್ನ ಚಿಕ್ಕಮ್ಮನ ಊರೂ ಅದರಲ್ಲಿತ್ತು. ಆದ್ದರಿಂದ ಸ್ವಲ್ಪ ಹೆಮ್ಮೆಯಿಂದಲೇ ಒಪ್ಪಿಕೊಂಡಿದ್ದೆ.

ಆ ಕಂಪನಿಯ ಕಡತದಲ್ಲಿ ಎಲ್ಲವೂ ಸ್ಟ್ರಿಂಗ್. ಅಂದರೆ ಬರೀ ಅಕ್ಷರಗಳ ಸಾಲು, ಯಾರು ಏನನ್ನು ಬೇಕಾದರೂ ಬರೆಯಬಹುದು. ಊರು? ಸ್ಟ್ರಿಂಗ್. ತಾರೀಕು? ಸ್ಟ್ರಿಂಗ್. ಎಷ್ಟು ಆನೆ? ಅದೂ ಸ್ಟ್ರಿಂಗ್. ರಾಗಿ, ಹುರುಳಿ, ಕಲ್ಲು ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದಂತೆ. ಅದನ್ನು ಬರೆದವನಿಗೆ ಫೋನ್ ಮಾಡಿ ರೇಗಿದೆ. ಹಾಗಿದ್ದರೆ ಏನು ಬಂದರೂ ಒಳಗೆ ಹೋಗುತ್ತದೆ ಸಾರ್, ತೊಂದರೆಯೇ ಇಲ್ಲ ಎಂದು ಅವನು ತಮಿಳಿನಲ್ಲಿ ನಗುತ್ತಾ ಹೇಳಿದ. ನನ್ನ ಪ್ರೋಗ್ರಾಂ ಮಾತ್ರ ಅಂಕಿಯ ಜಾಗದಲ್ಲಿ ಅಕ್ಷರ ಕಂಡಾಗಲೆಲ್ಲ ನಿಂತುಹೋಗುತ್ತಿತ್ತು. ಎರಡು ದಿನ ಬೈದುಕೊಂಡು ಕೊನೆಗೆ ಒಂದು ಸಾಲು ಸೇರಿಸಿದೆ. ಅಂಕಿ ಅಲ್ಲದ್ದು ಬಂದರೆ ಸೊನ್ನೆ ಎಂದು ತಿಳಿ. ಆಮೇಲೆ ಅದು ಒಮ್ಮೆಯೂ ನಿಲ್ಲಲಿಲ್ಲ.

ಮೆಸೇಜ್ ಬರತೊಡಗಿದ ಮೇಲೆ ಚಿಕ್ಕಮ್ಮ ಒಂದು ಸಲ ಕೇಳಿದ್ದಳು. "ಬರ್ನಿಲ್ಲ ಅಂದ್ರೆ ಧೈರ್ಯವಾಗಿ ಹೊಲಕ್ಕೋಗ್ಬೌದೇನ್ಲಾ?"

"ಹೋಗು ಚಿಕ್ಕಮ್ಮ, ನಾನಿದೀನಲ್ಲ" ಅಂದಿದ್ದೆ.

ರಾಗಿ ತೆನೆಗಟ್ಟಿದ್ದ ದಿನಗಳು. ಒಂದು ಬೆಳಗ್ಗೆ ನಾನು ಕಾಫಿ ಕುಡಿಯುತ್ತಿದ್ದಾಗ ಚಿಕ್ಕಪ್ಪನ ಫೋನ್ ಬಂತು. "ನಿನ್ ಚಿಕ್ಕಮ್ಮನ್ನ ಹೊಸೂರಿಗೆ ಆಸ್ಪತ್ರೆಗೆ ಕರ್ಕೊಂಡ್ ಬತ್ತಿದೀವಿ. ಆನೆ ಅಟ್ಟಿಸ್ಕೊಂಡ್ ಬಂತು ಕಣ್ಲಾ."

ಆಸ್ಪತ್ರೆಗೆ ಓಡಿದೆ. ಆನೆಯಿಂದ ತಪ್ಪಿಸಿಕೊಂಡು ಓಡುವಾಗ ಹೊಲದ ಪಕ್ಕದ ಹಳ್ಳಕ್ಕೆ ಬಿದ್ದು ಅವಳ ತೊಡೆಯ ಮೂಳೆ ಮುರಿದಿತ್ತು. ಹಳ್ಳಕ್ಕೆ ಬಿದ್ದದ್ದರಿಂದಲೇ ಜೀವ ಉಳಿಯಿತು ಎಂದರು. ಅವಳು ನನ್ನನ್ನು ನೋಡಿದವಳೇ "ಮೆಸೇಜ್ ಬರ್ನಿಲ್ಲ ಕಣಪ್ಪ" ಅಂದಳು. ದೂರುವ ಧ್ವನಿಯಲ್ಲ, ಸುಮ್ಮನೆ ತಿಳಿಸಿದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಊರಿನ ಕಾವಲುಗಾರ ಮಲಗಿಬಿಟ್ಟಿದ್ದಾನೆ ಎಂದು ತೀರ್ಮಾನಿಸಿಕೊಂಡು, ವರಾಂಡದಿಂದಲೇ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಕೊನೆಯವರೆಗೂ ಕೇಳಿಸಿಕೊಂಡ. "ಹಾಕಿದ್ನಲ್ಲಾ ಸಾ. ಕೋಳಿ ಕೂಗೋಕ್ ಮುಂಚೇನೇ ಹಾಕಿದ್ದೆ, ನೋಡ್ಕಳಿ" ಅಂದ.

ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆಗೆದು ನೋಡಿದೆ. ಹಾಕಿದ್ದ. ಊರು ಸರಿ, ಹೊಲ ಸರಿ, ಹೊತ್ತು ಸರಿ. ಎಷ್ಟು ಆನೆ ಎಂಬಲ್ಲಿ 'ಒಂಟಿ' ಎಂದು ಬರೆದಿದ್ದ.

ಒಂಟಿ ಅನ್ನದೆ ಇನ್ನೇನು ಬರೆಯುತ್ತಾನೆ? ನಮ್ಮ ಸೀಮೆಯಲ್ಲಿ ಹಿಂಡನ್ನು ಎಣಿಸಿ ಆರು, ಎಂಟು ಅನ್ನುತ್ತಾರೆ. ಹಿಂಡು ಬಿಟ್ಟು ಅಲೆಯುವ ಗಂಡಾನೆಯನ್ನು ಯಾರೂ 'ಒಂದು' ಅನ್ನುವುದಿಲ್ಲ. ಅದು ಒಂಟಿ. ಆ ಮಾತು ಕೇಳಿದರೆ ಸಾಕು, ಅಂಗಳದಲ್ಲಿ ಆಡುವ ಮಕ್ಕಳನ್ನೂ ಒಳಗೆ ಎಳೆದುಕೊಳ್ಳುತ್ತಾರೆ. ಅವನು ಇದ್ದುದನ್ನು ಇದ್ದಂತೆ ಬರೆದಿದ್ದ. ನನ್ನ ಒಂದು ಸಾಲು ಅದನ್ನು ಸೊನ್ನೆ ಮಾಡಿತ್ತು. ಸೊನ್ನೆ ಆನೆಗೆ ಯಾರಿಗೆ ಮೆಸೇಜ್ ಕಳಿಸುವುದು?

ಹಿಂದಿನ ದಿನಗಳನ್ನು ತೆರೆಯುತ್ತಾ ಹೋದೆ. ಒಂಟಿ. ಮತ್ತೆ ಒಂಟಿ. ಒಟ್ಟು ಏಳು ಸಲ. ಏಳು ಸಲವೂ ಊರಿಗೆ ಊರೇ ಮೆಸೇಜ್ ಇಲ್ಲವೆಂಬ ಧೈರ್ಯದಲ್ಲಿ ಹೊಲಕ್ಕೆ ಹೋಗಿತ್ತು. ಹಿಂಡು ಬಂದರೆ ತಪ್ಪದೆ ಎಚ್ಚರಿಸುತ್ತಿದ್ದ ನನ್ನ ಪ್ರೋಗ್ರಾಂ, ಎಲ್ಲಕ್ಕಿಂತ ಅಪಾಯದ ಆನೆ ಬಂದಾಗ ಮಾತ್ರ ಬಾಯಿ ಮುಚ್ಚಿಕೊಂಡಿತ್ತು. ಕೃಷ್ಣಗಿರಿಯವನನ್ನು ಬೈಯಬೇಕೆನಿಸಿತು. ಬಾಯಿ ಬರಲಿಲ್ಲ. ಅವನ ಕಡತ ಆ ಮಾತನ್ನು ಹಾಗೇ ಉಳಿಸಿಕೊಂಡಿತ್ತು, ಅಳಿಸಿದವನು ನಾನು.

ಒಳಗೆ ಹೋಗಿ ಚಿಕ್ಕಮ್ಮನ ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅವಳು ಕೇಳಿದಳು. "ಒಂಟಿ ಅಂದ್ರೆ ಏನೂಂತ ನಿಂಗೆ ಗೊತ್ತಿರ್ನಿಲ್ವೇನ್ಲಾ?"

"ಗೊತ್ತಿತ್ತು."

"ಮತ್ಯಾಕೆ ಆ ಮಿಸೀನ್‌ಗೆ ಯೋಳ್ಕೊಡ್ಲಿಲ್ಲ?"

ಈಗಲೇ ಸರಿಮಾಡುತ್ತೇನೆ, ಹತ್ತು ನಿಮಿಷದ ಕೆಲಸ ಎಂದು ಅಲ್ಲೇ ಲ್ಯಾಪ್‌ಟಾಪ್ ಬಿಚ್ಚಿದೆ. ಅವಳು ನೋವಿನಲ್ಲೇ ಕೈ ಚಾಚಿ ನನ್ನ ಮೊಣಕೈ ಹಿಡಿದಳು.

"ಅದನ್ನ ಆಮೇಲ್ ಮಾಡ್ಕೊ. ಮೊದ್ಲು ಊರಿಗೆ ಫೋನ್ ಮಾಡು ಕಣ್ಲಾ. ನಾವು ಹೊಲ್ದಿಂದ ಸೀದಾ ಇಲ್ಲಿಗೇ ಬಂದ್ವಿ, ಊರ್ನೋರ್ಗೆ ಗೊತ್ತಿಲ್ಲ. ಹೆಣ್ಣಾಳುಗಳು ಇಷ್ಟೊತ್ಗೆ ಹುಲ್ ಕುಯ್ಯಕ್ ಹೊಂಟಿರ್ತಾರೆ, ಒಂಟಿ ಇನ್ನೂ ನಮ್ ರಾಗೀಲೇ ಐತೆ."

ನಾನು ಆಸ್ಪತ್ರೆಗೆ ಬಂದು ಒಂದು ಗಂಟೆ ಕಳೆದಿತ್ತು. ಆ ಫೋನ್ ಮಾಡಬೇಕೆಂದು ನನಗೆ ಹೊಳೆದೇ ಇರಲಿಲ್ಲ.