ಬಸ್ಸಿನಲ್ಲಿ ಒಂದು ಮೀಟರು ನೀರು

ಕೋಲಾರದ ಕಡೆಯವರು ಸಮುದ್ರ ಅಳೆಯುತ್ತೇವೆ ಎಂದರೆ ಯಾರಿಗಾದರೂ ನಗು ಬರುತ್ತದೆ. ಮೊದಲು ನಕ್ಕವಳು ನಮ್ಮಮ್ಮನೇ. "ಮುಳಬಾಗಿಲಲ್ಲಿ ನಲ್ಲಿ ನೀರು ಬಂದು ನಾಲ್ಕು ದಿನ ಆಯ್ತು, ನೀನು ಸಮುದ್ರ ಅಳೀತೀಯೇನೇ? ಬಾಗುಂದಿ ಪೋ!" ಎಂದಳು. ನಮ್ಮ ಮನೆಯಲ್ಲಿ ಸಿಟ್ಟು ಕನ್ನಡದಲ್ಲಿ, ಗೇಲಿ ತೆಲುಗಿನಲ್ಲಿ.

ಅದು ತೊಂಬತ್ತರ ದಶಕದ ಕೊನೆ. ಕೋಲಾರದ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಮಾಲೂರಿನ ಪಕ್ಕದ ಒಂದು ಸಣ್ಣ ಕಾರ್ಖಾನೆಗೆ ಸೇರಿದ್ದೆ. ಹನ್ನೆರಡು ಜನ, ಒಂದು ಶೀಟಿನ ಶೆಡ್ಡು. ಬಾಯ್ಲರುಗಳಿಗೆ ಒತ್ತಡದ ಮೀಟರು ಮಾಡುವುದು ನಮ್ಮ ದಿನನಿತ್ಯದ ಕೆಲಸ. ಅದು ಹೇಗೋ ಆಂಧ್ರದ ಕರಾವಳಿಯ ಒಂದು ಚಿಕ್ಕ ಬಂದರಿನಿಂದ ಬೇರೆ ತರದ ಆರ್ಡರು ಬಂತು. ಸಮುದ್ರದ ತಳದಲ್ಲಿ ಕೂತು ಮೇಲಿನ ಅಲೆಯನ್ನು ಅಳೆಯುವ ಯಂತ್ರ ಬೇಕಂತೆ.

ಯಂತ್ರವೆಂದರೆ ಮೊಣಕೈಯುದ್ದದ ಉಕ್ಕಿನ ಕೊಳವೆ. ಅದರ ತುದಿಗೆ ತೆಳ್ಳನೆಯ ಉಕ್ಕಿನ ಹಾಳೆ, ಹಾಳೆಯ ಹಿಂದೆ ಎಣ್ಣೆ, ಎಣ್ಣೆಯ ಹಿಂದೆ ಅಂಗಿ ಗುಂಡಿಯಷ್ಟು ಸಣ್ಣದೊಂದು ಬಿಲ್ಲೆ. ಒತ್ತಡವನ್ನು ತಿಳಿಯುವುದು ಆ ಬಿಲ್ಲೆ. ಅಲೆಯ ಉಬ್ಬು ಮೇಲೆ ಹಾದುಹೋದರೆ ತಳದಲ್ಲಿ ನೀರಿನ ಭಾರ ಏರುತ್ತದೆ, ತಗ್ಗು ಹಾದುಹೋದರೆ ಇಳಿಯುತ್ತದೆ. ಒಂದು ಬೆರಳಿನ ದಪ್ಪ ನೀರು ಹೆಚ್ಚಾದರೂ ಅದಕ್ಕೆ ಗೊತ್ತಾಗುತ್ತಿತ್ತು. ಯಂತ್ರಕ್ಕೆ ಉದ್ದನೆಯ ತಂತಿ, ತಂತಿಯ ಇನ್ನೊಂದು ತುದಿಗೆ ಅಂಕಿ ತೋರಿಸುವ ಸಣ್ಣ ಡಬ್ಬಿ.

ನಮ್ಮಲ್ಲಿ ಪರೀಕ್ಷೆ ಮಾಡಲು ಸಮುದ್ರವಿರಲಿ, ತುಂಬಿದ ಬಾವಿಯೂ ಇರಲಿಲ್ಲ. ಶೆಡ್ಡಿನ ಹಿಂದೆ ಬೋರ್‌ವೆಲ್ಲಿನ ಕೇಸಿಂಗ್ ಪೈಪನ್ನು ನೆಟ್ಟಗೆ ನಿಲ್ಲಿಸಿ, ಟ್ಯಾಂಕರ್ ನೀರು ತುಂಬಿಸಿ, ಮೇಲೊಂದು ಬಾವಿಯ ರಾಟೆ ಕಟ್ಟಿದೆವು. ಹಗ್ಗದಲ್ಲಿ ಯಂತ್ರವನ್ನು ಒಂದಡಿ ಎತ್ತಿ ಒಂದಡಿ ಇಳಿಸಿದರೆ ಅದೇ ಅಲೆ. "ನೋಡಮ್ಮಣ್ಣಿ, ಇದೇ ನಮ್ಮ ಬಂಗಾಳಕೊಲ್ಲಿ" ಎನ್ನುತ್ತಿದ್ದರು ಮೇಸ್ತ್ರಿ.

ಮೇಸ್ತ್ರಿ ಶಿವಾರಪಟ್ಟಣದವರು, ವಿಗ್ರಹ ಕೆತ್ತುವ ಮನೆತನ. ಹರೆಯದಲ್ಲಿ ತಮ್ಮನ ಜೊತೆ ಜಗಳವಾಡಿ, ಕಲ್ಲು ಬಿಟ್ಟು ಕಬ್ಬಿಣ ಹಿಡಿದವರು. ಕೊಳವೆಗೆ ಎಣ್ಣೆ ತುಂಬಿಸಿ, ರಬ್ಬರ್ ಉಂಗುರ ಕೂರಿಸಿ, ಒಂದು ತೊಟ್ಟೂ ಒಳಗೆ ಹೊರಗೆ ಹೋಗದಂತೆ ಬಿಗಿಯುವುದು, ಅಂದರೆ ಸೀಲಿಂಗು, ಅವರ ಕೆಲಸ. ಆಮೇಲೆ ಅದನ್ನು ಮೇಜಿನ ಮೇಲಿಟ್ಟು, ಡಬ್ಬಿಯ ಪುಟ್ಟ ಸ್ಕ್ರೂ ತಿರುಗಿಸಿ, ನೀರಿಲ್ಲದಾಗ ಸೊನ್ನೆ ತೋರಿಸುವಂತೆ ಮಾಡುವುದು ನನ್ನ ಕೆಲಸ. ಡಿಗ್ರಿ ಇದ್ದವಳು ನಾನೊಬ್ಬಳೇ ಅಲ್ಲವೇ! ಸ್ಕ್ರೂ ಡ್ರೈವರನ್ನು ಬೇರೆ ಯಾರೂ ಮುಟ್ಟಲು ಬಿಡುತ್ತಿರಲಿಲ್ಲ.

ಯಂತ್ರ ಹೋಗಿ ತಿಂಗಳಾಗುವಷ್ಟರಲ್ಲಿ ಬಂದರಿನಿಂದ ಕಾಗದ ಬಂತು. ಹಗ್ಗಕ್ಕೆ ಗುಂಡು ಕಟ್ಟಿ ಇಳಿಬಿಟ್ಟರೆ ಅಲ್ಲಿ ಆರು ಮೀಟರು ನೀರು, ನಿಮ್ಮ ಯಂತ್ರ ಏಳು ಎನ್ನುತ್ತದೆ. ನೀರಿನ ಆಳವನ್ನೇ ತಪ್ಪು ಹೇಳುವುದು ಅಲೆಯನ್ನು ಸರಿ ಹೇಳುತ್ತದೆಂದು ಹೇಗೆ ನಂಬುವುದು? ಕಾರ್ಖಾನೆಯ ಯಜಮಾನರು ಕಾಗದ ಓದಿ, ನೇರವಾಗಿ ಮೇಸ್ತ್ರಿಯ ಕೈ ನೋಡಿದರು.

ಆ ಕೈ ಒಂದು ವರ್ಷದಿಂದ ನಡುಗುತ್ತಿತ್ತು. ಟೀ ಕುಡಿಯುವಾಗ ಲೋಟ ಹಲ್ಲಿಗೆ ತಾಗುವುದನ್ನು ಎಲ್ಲರೂ ಕೇಳಿಸಿಕೊಂಡು, ಕೇಳಿಸಲಿಲ್ಲವೆಂಬಂತೆ ಇರುತ್ತಿದ್ದೆವು. ಸ್ಪ್ಯಾನರ್ ಹಿಡಿದಾಗ ಮಾತ್ರ ನಡುಕ ನಿಲ್ಲುತ್ತಿತ್ತು. ಯಜಮಾನರು ಅದನ್ನು ಎಂದೂ ನಿಂತು ನೋಡಿದವರಲ್ಲ.

"ಸೀಲಿಂಗು ಹೋಗಿದೆ. ಎಣ್ಣೆ ಸೋರಿದೆ" ಎಂದರು. "ನೀವಿಬ್ಬರೂ ಹೊಸ ಯಂತ್ರ ತಗೊಂಡು ಹೋಗಿ. ಹಳೇದನ್ನ ಮೇಲೆ ತೆಗೆಸಿ, ಅಲ್ಲೇ ಬಿಚ್ಚಿ ನೋಡಿ. ಸೋರಿದ್ದೇ ಆದ್ರೆ, ಮೇಸ್ತ್ರಿ, ಸೋಮವಾರದಿಂದ ನೀವು ಬರೋದು ಬೇಡ."

ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಸೀಲಿಂಗೇ ಹೋಗಿರಬಹುದೆಂದು ನನಗೂ ಅನ್ನಿಸಿತ್ತು.

ಮಾರನೆಯ ಬೆಳಿಗ್ಗೆ ಮುಳಬಾಗಿಲಿನಲ್ಲಿ ಬಸ್ಸು ಹತ್ತಿದೆ. ಕೋಲಾರದಿಂದ ಬಂದಿದ್ದ ಮೇಸ್ತ್ರಿ ಪಕ್ಕದ ಸೀಟಿಗೆ ಟವೆಲು ಹಾಕಿಟ್ಟಿದ್ದರು. ಅವರು ಜೊತೆಗಿದ್ದಾರೆಂದೇ ಅಮ್ಮ ನನ್ನನ್ನು ಅಷ್ಟು ದೂರ ಕಳಿಸಿದ್ದು. ಮಡಿಲಲ್ಲಿ ಮಗುವಿನಂತೆ ಹೊಸ ಯಂತ್ರವನ್ನು ಇಟ್ಟುಕೊಂಡು ಕೂತೆ. ಹಿಂದಿನ ದಿನ ಶೆಡ್ಡಿನಲ್ಲಿ ಮೂರು ಸಲ ನೋಡಿ ಸೊನ್ನೆಗೆ ನಿಲ್ಲಿಸಿದ್ದೆ.

ಪಲಮನೇರಿನಲ್ಲಿ ಬಸ್ಸು ನಿಂತಾಗ, ಬ್ಯಾಟರಿ ಹೇಗಿದೆ ನೋಡೋಣವೆಂದು ಡಬ್ಬಿಯ ಗುಂಡಿ ಒತ್ತಿದೆ. ಇಪ್ಪತ್ತನಾಲ್ಕು ಸೆಂಟಿಮೀಟರು ನೀರು ಎಂದು ತೋರಿಸಿತು. ಅಯ್ಯೋ, ಇದೂ ಸೋರಿತೇ? ಪಕ್ಕಕ್ಕೆ ತಿರುಗಿದರೆ ಮೇಸ್ತ್ರಿಗೆ ಜೋಂಪು ಹತ್ತಿತ್ತು. ತೊಡೆಯ ಮೇಲಿದ್ದ ಬೆರಳುಗಳು ನಿದ್ದೆಯಲ್ಲೂ ಅದುರುತ್ತಿದ್ದವು. ಯಜಮಾನರು ನೋಡಿದ ಹಾಗೆಯೇ ನಾನೂ ಆ ಬೆರಳುಗಳನ್ನು ನೋಡಿದೆ.

ಮೊಗಿಲಿ ಘಾಟಿನಲ್ಲಿ ಬಸ್ಸು ಇಳಿಯತೊಡಗಿತು. ಮೂವತ್ತು, ನಲವತ್ತು, ಐವತ್ತು. ಒಂದು ತೊಟ್ಟು ನೀರಿಲ್ಲ, ಅಂಕಿ ಮಾತ್ರ ಏರುತ್ತಲೇ ಇದೆ. ಅಷ್ಟರಲ್ಲಿ ನನ್ನ ಕಿವಿ ಗುಂ ಎಂದು ಕಟ್ಟಿಕೊಂಡಿತು. ಉಗುಳು ನುಂಗಿದೆ, ಪಟ್ಟೆಂದು ಬಿಟ್ಟುಕೊಂಡಿತು. ಆ ಕ್ಷಣಕ್ಕೆ ತಲೆಯೂ ಬಿಟ್ಟುಕೊಂಡಿತು. ನನ್ನ ಕಿವಿಗೆ ತಿಳಿದದ್ದೇ ಯಂತ್ರಕ್ಕೂ ತಿಳಿಯುತ್ತಿದೆ!

ಗಾಳಿಗೂ ಭಾರವಿದೆ. ನಮ್ಮ ಮಾಲೂರು ಸಮುದ್ರಕ್ಕಿಂತ ಹತ್ತಿರ ಹತ್ತಿರ ಮೂರು ಸಾವಿರ ಅಡಿ ಎತ್ತರದಲ್ಲಿದೆ, ಅಲ್ಲಿ ಗಾಳಿ ಹಗುರ. ಆ ಹಗುರ ಗಾಳಿಯಲ್ಲಿ ನಾನು ಸೊನ್ನೆ ಕಟ್ಟಿದ್ದೆ. ಕೆಳಗಿಳಿದಂತೆ ಗಾಳಿಯ ಭಾರ ಹೆಚ್ಚುತ್ತದೆ, ಪೆದ್ದು ಯಂತ್ರ ಅದನ್ನೂ ನೀರೆಂದೇ ಲೆಕ್ಕ ಹಿಡಿಯುತ್ತದೆ. ಸಮುದ್ರ ಮುಟ್ಟುವ ಹೊತ್ತಿಗೆ ಸರಿಯಾಗಿ ಒಂದು ಮೀಟರು. ಸಮುದ್ರದ ಊರಿನವರು ಯಾರೂ ಮಾಡಲಾಗದ ತಪ್ಪು. ಅವರು ಸೊನ್ನೆ ಕಟ್ಟುವುದೇ ಸಮುದ್ರದ ಪಕ್ಕದಲ್ಲಿ. ಇದನ್ನು ಪಿಯುಸಿಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಪೂರ್ತಿ ಅಂಕ ತೆಗೆದುಕೊಂಡಿದ್ದವಳು ನಾನು.

ಅಲ್ಲೇ ಮೇಸ್ತ್ರಿಯನ್ನು ಎಬ್ಬಿಸಬೇಕಿತ್ತು. ಎಬ್ಬಿಸಲಿಲ್ಲ, ಗುಂಡಿ ಒತ್ತಿ ಡಬ್ಬಿ ಆರಿಸಿದೆ. ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಡಿಗ್ರಿ ಓದಿದವಳಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಹನ್ನೊಂದು ಜನ ನಗುವುದು ಕಣ್ಣ ಮುಂದೆ ಬಂತು. ಜೊತೆಗೆ ಒಂದು ಕೆಟ್ಟ ಯೋಚನೆಯೂ ಬಂತು, ಅದನ್ನೂ ಹೇಳಿಬಿಡುತ್ತೇನೆ. ದಡದಲ್ಲಿ ಗುಟ್ಟಾಗಿ ಸ್ಕ್ರೂ ತಿರುಗಿಸಿದರೆ ಹೊಸ ಯಂತ್ರ ಸರಿಯಾಗಿ ಓದುತ್ತದೆ. ಹಳೆಯದು ಯಾಕೆ ತಪ್ಪಿತೆಂದು ಆಮೇಲೆ ಯಾರು ಕೇಳುತ್ತಾರೆ?

ಸಂಜೆ ಬಂದರು ತಲುಪಿದೆವು. ಸಮುದ್ರವನ್ನು ಇಬ್ಬರೂ ನೋಡಿದ್ದು ಅದೇ ಮೊದಲು. ಮೇಸ್ತ್ರಿ ಚಪ್ಪಲಿ ಬಿಟ್ಟು ಕೈಮುಗಿದರು. ನನಗೆ ನೋಡುವ ಮನಸ್ಸೇ ಇರಲಿಲ್ಲ.

ನಾವು ಇಳಿದುಕೊಂಡ ಅತಿಥಿಗೃಹದ ಎದುರಿಗೆ ಎಸ್‌ಟಿಡಿ ಬೂತು ಇತ್ತು. ಮೇಸ್ತ್ರಿಗೆ ತೆಲುಗು ಸರಾಗ, ಆದರೆ ನಂಬರು ಒತ್ತಲು ಬೆರಳು ನಿಲ್ಲದೆ ನನ್ನನ್ನು ಕರೆದರು. ಅವರೂರಿನ ಕಿರಾಣಿ ಅಂಗಡಿಗೆ ಫೋನು ಹಚ್ಚಿಕೊಟ್ಟೆ. ಹೆಂಡತಿಯನ್ನು ಕರೆಸಲು ಹತ್ತು ನಿಮಿಷವಾಯಿತು. ಪಕ್ಕದಲ್ಲೇ ನಿಂತಿದ್ದೆ, ಒಂದೊಂದು ಮಾತೂ ಕೇಳಿಸಿತು.

"ಹೂಂ, ತಲುಪಿದ್ವಿ... ಕೇಳಿಲ್ಲಿ. ಫ್ಯಾಕ್ಟ್ರಿ ಕೆಲ್ಸ ಮುಗೀತು ಅಂತ್ಕೋ. ನಾಳೆ ಬಿಚ್ಚೋದೊಂದು ಬಾಕಿ, ನಂಗೆ ಗೊತ್ತೇ ಐತೆ. ಈ ಕೈ ನನ್ ಮಾತು ಕೇಳ್ತಿಲ್ಲ ಕಣೇ... ನನ್ ತಮ್ಮನ ಹತ್ರ ಒಂದ್ ಮಾತು ಕೇಳು. ಕೆತ್ತೋದು ಬೇಡ, ಅದೂ ಆಗಲ್ಲ. ವಿಗ್ರಹ ಉಜ್ಜೋ ಕೆಲ್ಸ ಇದ್ರೆ ಕೊಡ್ಲಿ."

ಶಿವಾರಪಟ್ಟಣದಲ್ಲಿ ನೀರು ಹಾಕಿ ವಿಗ್ರಹ ಉಜ್ಜುವುದು ಕಲಿಯಲು ಬಂದವರ ಕೆಲಸ. ಅಣ್ಣನಾದವನು ತಮ್ಮನ ಶೆಡ್ಡಿನಲ್ಲಿ ಅದನ್ನು ಬೇಡುವುದೆಂದರೆ ಏನೆಂದು ನನಗೂ ಗೊತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎನ್ನುತ್ತಾರೆ. ಇಲ್ಲಿ ಕದಿಯದವರು ಹೆಗಲು ಮುಟ್ಟಿಕೊಳ್ಳುತ್ತಿದ್ದರು, ಕದ್ದ ನಾನು ಪಕ್ಕದಲ್ಲಿ ಅವರ ಚೀಲ ಹಿಡಿದು ನಿಂತಿದ್ದೆ. ಅವರು ಫೋನು ಇಟ್ಟು, "ಊಟ ಮಾಡಮ್ಮಣ್ಣಿ, ಸೊರಗಿದ್ದೀಯ" ಎಂದರು.

ಬೆಳಿಗ್ಗೆ ದೋಣಿಯವರು ಹಳೆಯ ಯಂತ್ರವನ್ನು ತಂದರು. ಪಾಚಿ ಹಿಡಿದು, ಮೈತುಂಬ ಸಣ್ಣ ಚಿಪ್ಪು ಅಂಟಿಕೊಂಡಿತ್ತು. ಮೇಸ್ತ್ರಿ ದಡದ ಮೇಲೆ ಗೋಣಿತಾಟು ಹಾಸಿ ಕೂತು, ಸ್ಪ್ಯಾನರ್ ಹಿಡಿದರು. ಕೈ ನಿಂತಿತು. ಒಂದೊಂದೇ ಬೋಲ್ಟು ಬಿಚ್ಚಿದರು. ಉಂಗುರದ ಒಳಬದಿ ಒಣಗಿಯೇ ಇತ್ತು, ಎಣ್ಣೆ ತುಂಬಿಸಿದಷ್ಟೇ ಇತ್ತು. ತಿಂಗಳಿಡೀ ಉಪ್ಪುನೀರಿನಲ್ಲಿ ಬಿದ್ದಿದ್ದರೂ ಒಂದು ತೊಟ್ಟು ಒಳಗೆ ಬಂದಿರಲಿಲ್ಲ. ಅಷ್ಟು ಚೆಂದದ ಸೀಲಿಂಗನ್ನು ನಾನು ಆಮೇಲೂ ನೋಡಿಲ್ಲ.

ಅವರು ಬಹಳ ಹೊತ್ತು ನೋಡಿದರು. ಬೆರಳಿನಿಂದ ಸವರಿದರು. ಆಮೇಲೆ ಹೇಳಿದರು: "ಕಣ್ಣಿಗೆ ಕಾಣದಂಗೆ ಎಲ್ಲೋ ಸೋರೈತೆ ಕಣಮ್ಮಣ್ಣಿ. ನನ್ ಕಣ್ಣೂ ಹೋಯ್ತು ಅನ್ಸುತ್ತೆ."

ಅದನ್ನು ಕೇಳಿ ನನ್ನಿಂದ ತಡೆಯಲಾಗಲಿಲ್ಲ. ಅಳುತ್ತಲೇ ಎಲ್ಲ ಹೇಳಿದೆ. ಗಾಳಿಯ ಭಾರ, ಮಾಲೂರಿನ ಎತ್ತರ, ನನ್ನ ಸೊನ್ನೆ. ಹೊಸ ಯಂತ್ರವನ್ನು ಒಣ ಮರಳಿನ ಮೇಲಿಟ್ಟು ಗುಂಡಿ ಒತ್ತಿದೆ. ಒಂದು ಮೀಟರು ನೀರು ಎಂದಿತು. ಅವರು ಮರಳನ್ನು ನೋಡಿದರು, ಅಂಕಿಯನ್ನು ನೋಡಿದರು.

"ಅಂದ್ರೆ ನನ್ ಕೈ ಸರಿಯಾಗೇ ಐತಾ?"

"ಸರಿಯಾಗಿದೆ ಮೇಸ್ತ್ರಿ. ತಪ್ಪು ನಂದು."

"ಯಾವಾಗ ಗೊತ್ತಾಯ್ತು ನಿಂಗೆ?"

"ಈಗ," ಎಂದೆ. "ಈಗ ಹೊಳೀತು."

ನಂಬಿದರು. ನನ್ನ ತಲೆಯ ಮೇಲೆ ಕೈಯಿಟ್ಟು, "ಬದುಕಿಸ್ದೆ ತಾಯಿ" ಎಂದರು. ಆ ಕೈ ಆಗ ಜೋರಾಗಿ ನಡುಗುತ್ತಿತ್ತು.

ಊರಿಗೆ ಬಂದ ಮೇಲೆ ಯಜಮಾನರಿಗೂ ನಾನೇ ಹೇಳಿದೆ. ಅವರು ಜೋರಾಗಿ ನಕ್ಕು, "ಹೊಸಬಳು, ಕಲೀತಾಳೆ ಬಿಡಿ" ಎಂದು ನನಗೆ ಕಾಫಿ ತರಿಸಿಕೊಟ್ಟರು. ಮೇಸ್ತ್ರಿಯದೆಂದುಕೊಂಡಾಗ ಕೆಲಸ ಕಳೆಯುವಂತಿದ್ದ ತಪ್ಪು, ನನ್ನದೆಂದು ಗೊತ್ತಾದಾಗ ಒಂದು ಲೋಟ ಕಾಫಿಗೆ ಮುಗಿಯಿತು. ಮೇಸ್ತ್ರಿ ಮುಂದೆ ಎಂಟು ವರ್ಷ ಅಲ್ಲೇ ದುಡಿದರು. ಯಂತ್ರಗಳ ಸೊನ್ನೆಯನ್ನು ಅಲ್ಲಿಂದಾಚೆಗೆ ಸಮುದ್ರದ ದಡದಲ್ಲೇ ಕಟ್ಟುತ್ತಿದ್ದೆವು.

ಆದರೆ ಆ ಬೆಳಿಗ್ಗೆ ದಡದಿಂದ ಎದ್ದವರೇ ಮೇಸ್ತ್ರಿ ಬೂತಿಗೆ ಓಡಿದರು, ನಾನೂ ಹಿಂದೆ ಓಡಿದೆ. ಅಂಗಡಿಯವನು ಅವರ ಹೆಂಡತಿಯನ್ನು ಕರೆತಂದ. ಮೇಸ್ತ್ರಿ ಎರಡು ಮಾತಾಡಿ, ಫೋನನ್ನು ನನ್ನ ಕೈಗಿಟ್ಟು, "ನೀನೇ ಹೇಳಮ್ಮಣ್ಣಿ, ನಾನ್ ಹೇಳಿದ್ರೆ ಸಮಾಧಾನಕ್ಕೆ ಹೇಳ್ತಾವ್ನೆ ಅಂತಾಳೆ" ಎಂದರು.

ಹೇಳಿದೆ. ಅವರ ಕೈ ಸರಿಯಾಗಿದೆ, ತಪ್ಪು ನನ್ನದು, ಈಗ ಗೊತ್ತಾಯಿತು ಎಂದೆ. ಆ ಕಡೆ ಅವರ ಹೆಂಡತಿ ಅತ್ತರೆಂದು ಕಾಣುತ್ತದೆ. ಆಮೇಲೆ ದನಿ ಬಂತು. ಅದರಲ್ಲಿ ಕೋಪವಿರಲಿಲ್ಲ.

"ನಿನ್ ಹೊಟ್ಟೆ ತಣ್ಣಗಿರ್ಲವ್ವ. ನಾನು ಬೆಳಿಗ್ಗೆ ಎದ್ದೇಟ್ಗೆ ಮೈದುನನ ಮನೆಗೋಗಿ ಕೇಳ್ಕೊಂಡ್ ಬಂದ್ಬಿಟ್ಟೆ. ಇಪ್ಪತ್ತು ವರ್ಷದಿಂದ ಆ ಬಾಗ್ಲು ತುಳ್ದಿರ್ಲಿಲ್ಲ. ಸೊಸೇರ ಮುಂದೆ ನಿಲ್ಸಿ ಏನೇನೋ ಅಂದ್ರು, ಅನ್ನಿಸ್ಕೊಂಡೆ. ಹೋಗ್ಲಿ ಬಿಡು... ನಿಂಗೆ ನಿನ್ನೇನೇ ಹೊಳ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು."

"ಹೌದಮ್ಮ" ಎಂದೆ.