ಸಿಕ್ ಮತ್ತು ಸೀರಿಯಸ್

ಈಗಷ್ಟೇ ಕಪಾಟು ತೆರೆದೆ. ಡಾಂಬರು ಗುಳಿಗೆಯ ವಾಸನೆ ನನ್ನನ್ನು ಬಾಲ್ಯದ ದಾದರಿಗೆ, ಚಾಳಿನ ನಮ್ಮ ಒಂದೇ ಕೋಣೆಯ ಮನೆಗೆ ಎಳೆದೊಯ್ದಿತು.

ನಮ್ಮೂರು ವಿಜಯಪುರದ ಸುದ್ದಿಯೆಲ್ಲ ಕೆಳಗಿನ ಕಿರಾಣಿ ಅಂಗಡಿಯ ಫೋನಿಗೆ ಬರುತ್ತಿತ್ತು. ಊರಲ್ಲಿ ಯಾರಾದರೂ 'ಸಿಕ್' ಎಂದರೆ ಅಪ್ಪ ಔಷಧಿ ಕೊಂಡು ಕಳಿಸುತ್ತಿದ್ದ. 'ಸೀರಿಯಸ್' ಎಂದರೆ ಟ್ರಂಕಿನ ತಳದಿಂದ, ಮಣ್ಣಿಗೆ ಹೋಗುವಾಗ ಉಡುವ ಬಿಳಿ ಧೋತರ ತೆಗೆಯುತ್ತಿದ್ದ. ಅವ್ವ ಸ್ಟೋವ್ ಆರಿಸುತ್ತಿದ್ದಳು.

"ಸೀರಿಯಸ್ ಅಂದ್ರ ಇನ್ನೂ ಜೀವ ಐತಲ್ಲಪ್ಪಾ?" ಎಂದು ಒಮ್ಮೆ ಕೇಳಿದೆ.

"ತೀರ್ಕೊಂಡ್ರು ಅಂತ ಫೋನಿನ್ಯಾಗ ಯಾರೂ ಹೇಳಂಗಿಲ್ಲ. ಊರು ಮುಟ್ಟೋತನಕ ನಮ್ಮ ಎದಿ ಗಟ್ಟಿ ಇರ್ಲಿ ಅಂತ ಹಂಗಂತಾರ," ಎಂದ ಅಪ್ಪ.

ಈ ಸಂಜೆ ಮಲಾಡಿನ ನಮ್ಮ ಮನೆಯಲ್ಲಿ ಫೋನ್ ಎತ್ತಿದವಳು ಮಗಳು. "ಪಪ್ಪಾ, ಊರಲ್ಲಿ ದೊಡ್ಡಪ್ಪ ಸೀರಿಯಸ್ ಅಂತೆ. ಇಲ್ಲಿ ಡಾಕ್ಟರ್ ಜೊತೆ ಮಾತಾಡೋಣ ನಾ?"

ಅವಳು ಇನ್ನೂ ಒಳ್ಳೆಯ ಆಸ್ಪತ್ರೆ ಹುಡುಕುತ್ತಿದ್ದಾಳೆ. ನನ್ನ ಕೈಯಲ್ಲಿ ಬಿಳಿ ಧೋತರವಿದೆ.